ಕರಿಯ ಬೆಳ್ಳಕ್ಕಿ

ಬೆಳ್ಳಕ್ಕಿ ಎಂದರೆ ಬೆಳ್ಳಗಿನ ಹಕ್ಕಿ. ಹೆಸರಿನಲ್ಲಿಯೇ ಬಣ್ಣವನ್ನು ಹೊತ್ತುಕೊಂಡ ಹಕ್ಕಿ ಅದು. ಹಾಗಿರುವಾಗ ಮೇಲಿನ ತಲೆಬರಹವನ್ನು ಕಂಡ ವಾಚಕರು, ಇದೇನು ತಣ್ಣಗಿನ ಬೆಂಕಿಯಂಥ ಮಾತು ಎಂದು ನಕ್ಕರೆ ನಾವು ಬೇಸರಪಡುವುದಿಲ್ಲ. ಕಳೆದ ಮಾಘಮಾಸದವರೆಗೆ ನಾವೂ ಹಾಗೆಯೇ ನಗುತ್ತಿದ್ದೆವು. ಮುಂಬಯಿಗೆ ಬಂದು ನಾಲ್ವತ್ತು ವರ್ಷಗಳಾದ ಮೇಲೆ, ಎಂಟು ವರ್ಷದ ಮೊಮ್ಮಗಳ ಎದುರಿಗೆ ನಮ್ಮ ಜಾಣತನ ಹೇಗೆ ಬಯಲಾಯಿತು, ಆ ನೆಪದಿಂದ ಒಂದು ಹಕ್ಕಿಯ ಪರಿಚಯ ಹೇಗಾಯಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಸಾಬೂನಿನ ಪುಡಿ

ಅಂದು ಭಾನುವಾರ, ಮಾಘ ಬಹುಳ ತದಿಗೆ. ತಿಥಿಯನ್ನು ಹೇಳುವುದಕ್ಕೆ ಕಾರಣವಿದೆ. ಅದು ಮುಂದೆ ಬರುತ್ತದೆ. ಬೆಳಗಿನ ಎಂಟು ಗಂಟೆಯ ಸುಮಾರಿಗೆ ಮೊಮ್ಮಗಳ ಕೈಹಿಡಿದುಕೊಂಡು ಬಾಂದ್ರಾದ ಕಾರ್ಟರ್ ರಸ್ತೆಯ ಕಡಲ ದಂಡೆಯಲ್ಲಿ ತಿರುಗಾಡುತ್ತಿದ್ದೆವು. ನೀರು ದೂರ ಸರಿದು ಕರಿಯ ಬಂಡೆಗಳೂ ಅವುಗಳ ನಡುವಿನ ಕೆಸರೂ ಮೇಲೆ ಬಂದಿದ್ದವು. ಒಂದು ಬಂಡೆಯ ಮಗ್ಗುಲಲ್ಲಿ ಬೆಳ್ಳಕ್ಕಿಯ ಆಕಾರದ ಹಕ್ಕಿಯೊಂದು ನಿಂತಿತ್ತು. ಉದ್ದ ಕಾಲು, ಉದ್ದ ಕತ್ತು, ಚೂರಿಯಂಥ ಕೊಕ್ಕು, ಎಲ್ಲವೂ ಸರಿ. ಆದರೆ ಮೈಯೆಲ್ಲ ಸ್ಲೇಟಿನ ಬಣ್ಣ. ಗಂಟಲಿನ ಬಳಿ ಮಾತ್ರ ಸ್ವಲ್ಪ ಬಿಳುಪು ಉಳಿದಿತ್ತು.

"ಅಜ್ಜ, ಈ ಬೆಳ್ಳಕ್ಕಿ ಯಾಕೆ ಕಪ್ಪಗಿದೆ?"

ನಾವು ಒಂದು ಕ್ಷಣವೂ ಯೋಚಿಸಲಿಲ್ಲ. "ಹಡಗಿನ ಎಣ್ಣೆ ಮೆತ್ತಿಕೊಂಡಿದೆ, ಪಾಪ!" ಎಂದುಬಿಟ್ಟೆವು. ಹಾಗೆನ್ನಲು ಒಂದು ಹಿಂದಿನ ನೆನಪೂ ಕಾರಣವಾಗಿತ್ತು. 2010ರ ಆಗಸ್ಟ್ 7ರಂದು ಮುಂಬಯಿಯ ಬಂದರದ ಬಾಯಲ್ಲಿ ಎರಡು ಹಡಗುಗಳು ಢಿಕ್ಕಿಯಾಗಿ ನೂರಾರು ಟನ್ ಎಣ್ಣೆ ಸಮುದ್ರಕ್ಕೆ ಸೋರಿ, ದಂಡೆಯ ಗಿಡಗಳ ಬುಡಕ್ಕೆಲ್ಲ ಕರಿಯ ಜಿಡ್ಡು ಮೆತ್ತಿಕೊಂಡುದನ್ನು ನಾವು ಕಣ್ಣಾರೆ ಕಂಡಿದ್ದೆವು. ಆ ಚಿತ್ರ ಮನಸ್ಸಿನಲ್ಲಿ ಕುಳಿತಿತ್ತು. ಬಿಳಿಯದಾಗಿರಬೇಕಾದುದು ಕಪ್ಪಾಗಿದ್ದರೆ ಅದು ಕೊಳೆಯೇ ಸರಿ ಎಂದು ನಮ್ಮ ಬುದ್ಧಿ ತೀರ್ಪು ಕೊಟ್ಟಿತು.

ಹುಡುಗಿಯ ಮುಖ ಬಾಡಿತು. "ಹಾಗಾದರೆ ಅದು ಹಾರುವುದು ಹೇಗೆ? ರಾತ್ರಿ ನಿದ್ದೆ ಮಾಡುವುದು ಹೇಗೆ?" ಎಂದು ದಾರಿಯುದ್ದಕ್ಕೂ ಕೇಳಿದಳು. ವಾರವಿಡೀ ಶಾಲೆಯಿಂದ ಬಂದವಳೇ, "ಅಜ್ಜ, ಅದು ಇನ್ನೂ ಬದುಕಿದೆಯೋ?" ಎಂದು ವಿಚಾರಿಸುತ್ತಿದ್ದಳು. ಮುಂದಿನ ಭಾನುವಾರ ಹೊರಡುವಾಗ ಅವಳ ಚೀಲ ತುಸು ಉಬ್ಬಿದಂತೆ ಕಂಡು ಬಿಚ್ಚಿ ನೋಡಿದರೆ, ಒಳಗೆ ಒಂದು ಪೊಟ್ಟಣ ಸಾಬೂನಿನ ಪುಡಿ ಮತ್ತು ಅಜ್ಜಿಯ ಹಳೆಯ ಸೀರೆಯ ತುಂಡು! ಹಕ್ಕಿಯನ್ನು ಹಿಡಿದು ಮೀಯಿಸುವುದೆಂದು ಅವಳ ಯೋಜನೆ.

ದಂಡೆಗೆ ಹೋದರೆ ಹಕ್ಕಿಯೂ ಇಲ್ಲ, ಬಂಡೆಯೂ ಇಲ್ಲ. ಅದೇ ಎಂಟು ಗಂಟೆ, ಅದೇ ಸ್ಥಳ. ಆದರೆ ಸಮುದ್ರವು ಗೋಡೆಯ ಬುಡದವರೆಗೂ ಬಂದು ಅಪ್ಪಳಿಸುತ್ತಿತ್ತು. ಹುಡುಗಿ ಅಳುವುದಕ್ಕೆ ಸಿದ್ಧಳಾದಳು. ಅವಳನ್ನು ಸಮಾಧಾನಪಡಿಸುತ್ತ ಉತ್ತರಕ್ಕೆ ನಡೆದು ಖಾರ್ ದಾಂಡಾದ ಕೋಳಿವಾಡದ ಹತ್ತಿರ ಬಂದೆವು. ಅಲ್ಲಿ ದೋಣಿಯ ನೆರಳಿನಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ ಮೀನುಗಾರ ಮುದುಕರೊಬ್ಬರನ್ನು ಮೊಮ್ಮಗಳೇ ತನ್ನ ಮರಾಠಿಯಲ್ಲಿ ಮಾತನಾಡಿಸಿದಳು: "ಆಜೋಬಾ, ಎಣ್ಣೆ ಮೆತ್ತಿದ ಬಗಳಾ ಸತ್ತುಹೋಯಿತೇ?"

ಮುದುಕರು ಸಾಬೂನಿನ ಪುಡಿಯ ಪೊಟ್ಟಣವನ್ನೂ ನಮ್ಮನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಕ್ಕೆ ಎಣ್ಣೆಯೂ ಇಲ್ಲ, ಮಸಿಯೂ ಇಲ್ಲ, ಮಗಳೇ. ಅದರ ಬಣ್ಣವೇ ಅದು. ನನ್ನ ಅಜ್ಜನ ಕಾಲದಲ್ಲೂ ಕಪ್ಪೇ ಇತ್ತು, ನೀನು ತೊಳೆದರೂ ಕಪ್ಪೇ ಇರುತ್ತದೆ. ಕೆಸರು ತೆರೆದಾಗ ಬಾ, ಸಿಗುತ್ತದೆ" ಎಂದರು.

ಮೊಮ್ಮಗಳು ನಮ್ಮ ಕಡೆಗೆ ತಿರುಗಿ ಏನನ್ನೂ ಹೇಳಲಿಲ್ಲ. ಆ ಮೌನವೇ ನಮಗೆ ಸಾಕಾಯಿತು. ಗೊತ್ತಿಲ್ಲವೆಂದು ಹೇಳಬೇಕಾದ ಕಡೆ ಗೊತ್ತಿದೆಯೆಂದು ಹೇಳಿ ಒಂದು ಮಗುವನ್ನು ಏಳು ದಿನ ದುಃಖಕ್ಕೆ ಗುರಿಮಾಡಿದ್ದೆವು. ಮರುದಿನವೇ ಗೆಳೆಯರೊಬ್ಬರಿಂದ ಒಂದು ದುರ್ಬೀನನ್ನೂ ಹಕ್ಕಿಗಳ ಪುಸ್ತಕವನ್ನೂ ಕೇಳಿ ತಂದೆವು. ಮುಂಬಯಿಯಲ್ಲೇ 1896ರಲ್ಲಿ ಹುಟ್ಟಿದ ಡಾ. ಸಲೀಂ ಅಲಿಯವರು 1941ರಲ್ಲಿ ಭಾರತದ ಹಕ್ಕಿಗಳ ಬಗೆಗೆ ಸಾಮಾನ್ಯರಿಗಾಗಿ ಬರೆದ ಪುಸ್ತಕ ಅನೇಕ ಮುದ್ರಣಗಳನ್ನು ಕಂಡು ಇಂದಿಗೂ ದೊರೆಯುತ್ತದೆ. ಇದೇ ಊರಿನಲ್ಲಿ 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಹಕ್ಕಿಗಳನ್ನು ಕುರಿತು ಕಲೆಹಾಕಿದ ತಿಳಿವಳಿಕೆಯೂ ಅಪಾರ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿ ಇಷ್ಟೆಲ್ಲ ಇದ್ದೂ ನಾವು ಅದರ ಬಾಗಿಲು ತಟ್ಟಿರಲಿಲ್ಲ!

ಗುರುತು ಹಿಡಿಯುವ ಬಗೆ

ಈ ಹಕ್ಕಿಗೆ ಇಂಗ್ಲಿಷಿನಲ್ಲಿ ವೆಸ್ಟರ್ನ್ ರೀಫ್ ಹೆರಾನ್ ಎಂದು ಹೆಸರು. ನಾವು ಮನೆಯಲ್ಲಿ 'ಕಡಲಬಕ' ಎಂದು ಕರೆಯತೊಡಗಿದ್ದೇವೆ. ಈ ಲೇಖನದಲ್ಲಿಯೂ ಹಾಗೆಯೇ ಕರೆಯುತ್ತೇವೆ. ಶಾಸ್ತ್ರೀಯ ನಾಮ ಈಗ್ರೆಟಾ ಗುಲಾರಿಸ್. ಫ್ರಾನ್ಸಿನ ಪ್ರಕೃತಿಶಾಸ್ತ್ರಜ್ಞ ಬಾಸ್ಕ್ ಎಂಬವನು 1792ರಲ್ಲಿ ಇದನ್ನು ವರ್ಣಿಸಿದನು. ಗುಲಾ ಎಂದರೆ ಲ್ಯಾಟಿನಿನಲ್ಲಿ ಗಂಟಲು. ನಾವು ಎಣ್ಣೆ ತಾಗದೆ ಉಳಿದ ಜಾಗವೆಂದು ಭಾವಿಸಿದ್ದ ಗಂಟಲಿನ ಬಿಳುಪೇ ಈ ಹಕ್ಕಿಯ ಕುಲಚಿಹ್ನೆ! ಮಕ್ಕಳಿಗೆ ನೆನಪಿಡಲು ಒಂದು ಸುಲಭದ ದಾರಿ ಹೇಳುತ್ತೇವೆ. ಶಿವನು ಬಿಳಿಯ ಮೈಯ ನೀಲಕಂಠ. ಕಡಲಬಕ ನೀಲಿಬೂದು ಮೈಯ ಶ್ವೇತಕಂಠ.

ಇದರ ಎತ್ತರ ಎರಡು ಅಡಿಯ ಆಸುಪಾಸು. ಮೈ ಸ್ಲೇಟಿನ ಬೂದು. ಗದ್ದ ಮತ್ತು ಗಂಟಲು ಬಿಳಿ. ಕಾಲು ಹಸಿರು ಬೆರೆತ ಕಂದು. ಪಾದ ಮಾತ್ರ ಹಳದಿ. ಹಾರುವಾಗ ಕತ್ತನ್ನು ಮಡಿಸಿ ಹೆಗಲಿಗೆ ಒತ್ತಿಕೊಂಡು ಕಾಲುಗಳನ್ನು ಹಿಂದಕ್ಕೆ ಚಾಚುತ್ತದೆ. ಆಗ ಆ ಹಳದಿ ಪಾದಗಳು ಎದ್ದು ಕಾಣುತ್ತವೆ. ಬೇರೆ ಬೂದು ಬಣ್ಣದ ಬಕಗಳೂ ಉಂಟು. ಬೂದುಬಕ ಇದಕ್ಕಿಂತ ಬಹಳ ದೊಡ್ಡದು, ಮೂರು ಅಡಿಗೂ ಎತ್ತರ. ಕಡಲ ಗಿಡಗಳ ನೆರಳಿನಲ್ಲಿ ಗೂನು ಬೆನ್ನು ಮಾಡಿಕೊಂಡು ಕುಳಿತಿರುವ ಗಿಡ್ಡ ಕಾಲಿನ ಸಣ್ಣ ಬಕ ಇನ್ನೊಂದು. ಇವೆರಡನ್ನೂ ಕಡಲಬಕವೆಂದು ತಪ್ಪು ತಿಳಿಯುವ ಭಯ ಅಷ್ಟಾಗಿಲ್ಲ.

ನಿಜವಾದ ತೊಡಕು ಬೇರೆ ಕಡೆ ಇದೆ. ಕಡಲಬಕದಲ್ಲಿ ಕಪ್ಪು ಬಣ್ಣದವಿರುವಂತೆ ಅಚ್ಚ ಬಿಳಿಯವೂ ಉಂಟು! ಇವು ಗಂಡು-ಹೆಣ್ಣಿನ ಭೇದವಲ್ಲ, ಪ್ರಾಯದ ಭೇದವಲ್ಲ, ಕೆಲವು ಹಕ್ಕಿಗಳಂತೆ ಋತುಮಾನಕ್ಕೆ ಬದಲಾಗುವ ಬಣ್ಣವೂ ಅಲ್ಲ. ಒಂದೇ ಮನೆತನದಲ್ಲಿ ಒಬ್ಬರು ಕಪ್ಪು, ಒಬ್ಬರು ಬೆಳ್ಳಗೆ ಹುಟ್ಟುವುದಿಲ್ಲವೇ? ಹಾಗೆ. ಕಪ್ಪು ಹಕ್ಕಿಯೂ ಬಿಳಿ ಹಕ್ಕಿಯೂ ಜೋಡಿಯಾಗುತ್ತವೆ. ಬೂದು-ಬಿಳಿ ಮಚ್ಚೆಮಚ್ಚೆಯಾಗಿ ನಡುವಣ ಬಣ್ಣದವೂ ಆಗಾಗ ಕಾಣಸಿಗುತ್ತವೆ.

ಹಾಗಾದರೆ ಬಿಳಿಯ ಕಡಲಬಕವನ್ನು ಕೆರೆ-ಗದ್ದೆಗಳಲ್ಲಿ ಎಲ್ಲೆಲ್ಲೂ ಕಾಣುವ ಸಣ್ಣ ಬೆಳ್ಳಕ್ಕಿಯಿಂದ ಬೇರೆ ಮಾಡುವುದು ಹೇಗೆ? ಮುಖ್ಯವಾಗಿ ನೋಡಬೇಕಾದುದು ಕೊಕ್ಕನ್ನು. ಸಣ್ಣ ಬೆಳ್ಳಕ್ಕಿಯ ಕೊಕ್ಕು ಕಡುಗಪ್ಪು, ತೆಳು, ನೇರ, ದಬ್ಬಣದ ಹಾಗೆ. ಕಡಲಬಕದ ಕೊಕ್ಕು ಅದಕ್ಕಿಂತ ಉದ್ದ ಮತ್ತು ದಪ್ಪ. ತುದಿಯ ಕಡೆಗೆ ನಸು ಬಾಗಿರುತ್ತದೆ. ಬಣ್ಣ ಹಳದಿ ಬೆರೆತ ಕಂದು. ಎರಡನೆಯದು ಕಾಲು. ಸಣ್ಣ ಬೆಳ್ಳಕ್ಕಿ ಕಪ್ಪು ಕಾಲಿಗೆ ಹಳದಿ ಕಾಲುಚೀಲ ಹಾಕಿಕೊಂಡಂತೆ ಕಾಣುತ್ತದೆ. ಎರಡು ಬಣ್ಣಗಳ ನಡುವಣ ಗೆರೆ ಸ್ಪಷ್ಟ. ಕಡಲಬಕದ ಕಾಲು ಕಪ್ಪಲ್ಲ. ಪಾದದ ಹಳದಿ ಮೇಲಕ್ಕೂ ತುಸು ಹರಿದು ಕಾಲಿನ ಕಂದಿನಲ್ಲಿ ಬೆರೆತುಹೋಗುತ್ತದೆ. ಮೂರನೆಯದು ನಡತೆ, ಅದನ್ನು ಮುಂದೆ ಹೇಳುತ್ತೇವೆ.

ದನಗಳ ಹಿಂದೆ ತಿರುಗುವ ಗೋವಕ್ಕಿಯ ಕೊಕ್ಕು ಗಿಡ್ಡ ಮತ್ತು ಹಳದಿ, ಪಾದದಲ್ಲಿ ಹಳದಿಯಿಲ್ಲ. ದೊಡ್ಡ ಬೆಳ್ಳಕ್ಕಿಯ ಪಾದವೂ ಕಪ್ಪು. ಆದ್ದರಿಂದ ಬಿಳಿಯ ಹಕ್ಕಿ ಕಂಡರೆ ಮೊದಲು ಪಾದ, ಆಮೇಲೆ ಕೊಕ್ಕು ಎಂದು ಕ್ರಮವಾಗಿ ನೋಡಿದರೆ ಅರ್ಧ ಸಂದೇಹ ಪರಿಹಾರವಾಗುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸಣ್ಣ ಬೆಳ್ಳಕ್ಕಿಯ ಮರಿಗಳ ಕೊಕ್ಕೂ ಕೆಲಕಾಲ ಮಾಸಲು ಬಣ್ಣದ್ದಾಗಿರುತ್ತದೆ. ಗುಜರಾತದ ಕರಾವಳಿಯಲ್ಲಿ ಈ ಎರಡು ಜಾತಿಗಳು ಒಂದರೊಡನೊಂದು ಬೆರೆತು ಮರಿಮಾಡಿದ್ದೂ ಉಂಟೆಂದು ಪಕ್ಷಿಶಾಸ್ತ್ರಜ್ಞರು ದಾಖಲಿಸಿದ್ದಾರೆ. ಹೀಗಾಗಿ ಒಂದೇ ಗುರುತನ್ನು ನಂಬಿ ತೀರ್ಪು ಕೊಡಬಾರದು. ಒಂದೇ ಗುರುತನ್ನು ನಂಬಿ ತೀರ್ಪು ಕೊಟ್ಟವರ ಪಾಡು ಏನಾಯಿತೆಂದು ವಾಚಕರು ಆಗಲೇ ಓದಿದ್ದಾರೆ.

ಪಂಚಾಂಗದಲ್ಲಿ ಸಮುದ್ರ

ಮೊದಲ ಭಾನುವಾರ ಎಂಟು ಗಂಟೆಗೆ ಬಂಡೆ ತೆರೆದಿತ್ತು, ಎರಡನೆಯ ಭಾನುವಾರ ಎಂಟು ಗಂಟೆಗೆ ಮುಳುಗಿತ್ತು. ಇದೇಕೆಂದು ಕೇಳಿದಾಗ ಬಲೆ ಹೆಣೆಯುತ್ತಿದ್ದ ಮುದುಕರು ನಮಗೆ ಒಂದು ಲೆಕ್ಕ ಕಲಿಸಿದರು. ಕೊಂಕಣದ ದಂಡೆಯ ಮೀನುಗಾರರಲ್ಲಿ ಇದು ತಲೆತಲಾಂತರದಿಂದ ಬಂದದ್ದು. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಭರತದ ಗಂಟೆ ಬರುತ್ತದೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಪಾಲು ಮೂರು. ಅಂದು ಮೂರು ಗಂಟೆಗೆ ಭರತ. ಅಷ್ಟಮಿಯಾದರೆ ಆರು ಗಂಟೆಗೆ. ಶುಕ್ಲಪಕ್ಷವಿರಲಿ, ಕೃಷ್ಣಪಕ್ಷವಿರಲಿ, ಲೆಕ್ಕ ಒಂದೇ. ಭರತ ದಿನಕ್ಕೆ ಎರಡು ಸಲ, ಸುಮಾರು ಹನ್ನೆರಡೂವರೆ ಗಂಟೆಗಳ ಅಂತರದಲ್ಲಿ. ಭರತವಾಗಿ ಆರು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಇಳಿತ. ಚಂದ್ರನು ದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಬರುವುದರಿಂದ ಸಮುದ್ರವೂ ಅಷ್ಟೇ ತಡಮಾಡುತ್ತದೆ. ಅದನ್ನೇ ಈ ಲೆಕ್ಕ ಸರಳವಾಗಿ ಹೇಳುತ್ತದೆ.

ಮನೆಗೆ ಬಂದು ಗೋಡೆಯ ಪಂಚಾಂಗ ತೆಗೆದು ನೋಡಿದೆವು. ಮೊದಲ ಭಾನುವಾರ ತದಿಗೆ. ಮೂರರ ಮುಕ್ಕಾಲು ಪಾಲು ಎರಡೂಕಾಲು. ಮಧ್ಯಾಹ್ನ ಎರಡೂಕಾಲಕ್ಕೆ ಭರತ. ಹಾಗಾದರೆ ಬೆಳಿಗ್ಗೆ ಎಂಟರ ಸುಮಾರಿಗೆ ಪೂರ್ತಿ ಇಳಿತ. ಎರಡನೆಯ ಭಾನುವಾರ ದಶಮಿ. ಹತ್ತರ ಮುಕ್ಕಾಲು ಪಾಲು ಏಳೂವರೆ. ಅಂದರೆ ನಾವು ಹೋದ ಹೊತ್ತಿಗೆ ತುಂಬಿದ ಭರತ! ಏಕಾದಶಿಯ ಉಪವಾಸಕ್ಕೂ ಸಂಕಷ್ಟಿಗೂ ಮಾತ್ರ ನಾವು ತೆರೆಯುತ್ತಿದ್ದ ಪಂಚಾಂಗದಲ್ಲಿ ಅರಬ್ಬೀ ಸಮುದ್ರವೇ ಅಡಗಿ ಕುಳಿತಿತ್ತು. ಇದು ಮುಂಬಯಿಯ ಸುತ್ತಿನ ಸ್ಥೂಲ ಲೆಕ್ಕ; ಅರ್ಧ ಗಂಟೆ ಆಚೀಚೆಯಾಗಬಹುದು. ಬೇರೆ ಬಂದರುಗಳಲ್ಲಿರುವವರು ತಮ್ಮ ಊರಿನ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು.

ಮೂರನೆಯ ಭಾನುವಾರ ಫಾಲ್ಗುಣ ಶುದ್ಧ ಬಿದಿಗೆ. ಲೆಕ್ಕ ಹಾಕಿ ಏಳೂವರೆಗೆ ದಂಡೆಯಲ್ಲಿ ಹಾಜರಾದೆವು. ಈ ಸಲ ಸಾಬೂನಿನ ಪುಡಿಯ ಬದಲು ದುರ್ಬೀನು.

ಧ್ಯಾನ ಬಿಟ್ಟ ಬಕ

ನಮ್ಮ ಭಾಷೆಯಲ್ಲಿ 'ಬಕಧ್ಯಾನ' ಎಂಬ ಮಾತಿದೆ. ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿದಂತೆ ನಿಂತು, ಮೀನು ಹತ್ತಿರ ಬಂದೊಡನೆ ಗಬಕ್ಕನೆ ನುಂಗುವ ಕಪಟಸಂನ್ಯಾಸಿ ಎಂದು ಬಕನಿಗೆ ಹೆಸರು ಕೆಟ್ಟಿದೆ. ಪಂಚತಂತ್ರದ ಕಥೆಯಲ್ಲಿ ಕೊಳದ ಮೀನುಗಳನ್ನು ನಂಬಿಸಿ ತಿಂದು ಕೊನೆಗೆ ಏಡಿಯಿಂದ ಕತ್ತು ಕತ್ತರಿಸಿಕೊಂಡವನೂ ಇವನೇ. ಕಡಲಬಕವೂ ಒಮ್ಮೊಮ್ಮೆ ಹಾಗೆ ನಿಲ್ಲುವುದುಂಟು. ಆದರೆ ಅಂದು ಬೆಳಿಗ್ಗೆ ನಾವು ಕಂಡದ್ದು ಧ್ಯಾನವನ್ನಲ್ಲ, ಕುಣಿತವನ್ನು.

ಬಂಡೆಗಳ ನಡುವಣ ನೀರಿನ ಗುಂಡಿಯಲ್ಲಿ ಕರಿಯ ಕಡಲಬಕ ಮೊಣಕಾಲೆತ್ತರ ನೀರಿಗಿಳಿದು ನಾಲ್ಕು ಹೆಜ್ಜೆ ಓಡಿತು, ತಟ್ಟನೆ ನಿಂತಿತು, ಎಡಕ್ಕೆ ತಿರುಗಿ ಮತ್ತೆ ಓಡಿತು. ಒಂದು ಕಾಲನ್ನು ಮುಂದೆ ಚಾಚಿ, ಅಜ್ಜಿಯಂದಿರು ಪಾಯಸದ ತಳ ಕೆದಕುವ ಹಾಗೆ ಕೆಸರನ್ನು ಕಲಕಿತು. ಅಡಗಿದ್ದ ಮರಿಮೀನು ಎದ್ದೊಡನೆ ಕೊಕ್ಕು ಇಳಿಯಿತು. ಇನ್ನೊಮ್ಮೆ ರೆಕ್ಕೆಗಳನ್ನು ಅರ್ಧ ಬಿಚ್ಚಿ ನೀರಿನ ಮೇಲೆ ಕೊಡೆಯಂತೆ ಹಿಡಿಯಿತು. ಹೀಗೆ ನೆರಳು ಮಾಡಿದರೆ ನೀರಿನ ಹೊಳಪು ತಗ್ಗಿ ಒಳಗಿನದು ಕಾಣುತ್ತದೆಂದು ಕೆಲವರೂ, ಬೆದರಿದ ಮೀನು ನೆರಳಿಗೆ ಓಡಿಬರುತ್ತದೆಂದು ಇನ್ನು ಕೆಲವರೂ ಹೇಳುತ್ತಾರೆ. ಹುಡುಗಿ ನಗುನಗುತ್ತ, "ಅಜ್ಜ, ಇದು ಯಕ್ಷಗಾನ ಮಾಡುತ್ತಿದೆ!" ಎಂದಳು. ಕಳೆದ ವರ್ಷ ನಮ್ಮ ಸಂಘದಲ್ಲಿ ಆದ ಆಟವನ್ನು ಅವಳು ಮರೆತಿರಲಿಲ್ಲ.

ಇದರ ಆಹಾರ ಸಣ್ಣ ಮೀನು, ಸಿಗಡಿ, ಏಡಿ. ಕೆಸರಿನ ಮೇಲೆ ಕುಪ್ಪಳಿಸುವ ಉಬ್ಬುಗಣ್ಣಿನ ಪುಟ್ಟ ಮೀನನ್ನು, ಮುಂಬಯಿಯ ಮೀನುಗಾರರು 'ನಿವಟಿ' ಎನ್ನುವ ಅದನ್ನು, ಹಿಡಿಯುವುದರಲ್ಲಿ ಇದು ಪಳಗಿದ ಕೈ. ಅಲ್ಲ, ಪಳಗಿದ ಕೊಕ್ಕು. ಮೇಯುವಾಗ ಇದಕ್ಕೆ ಒಂಟಿತನ ಬೇಕು. ತನ್ನ ಗುಂಡಿಗೆ ಇನ್ನೊಂದು ಬಂದರೆ ಕತ್ತು ಚಾಚಿ ಅಟ್ಟಿಸಿಕೊಂಡು ಹೋಗುತ್ತದೆ. ದಿನದ ವ್ಯವಹಾರವೆಲ್ಲ ಗಡಿಯಾರವನ್ನಲ್ಲ, ನೀರನ್ನು ನೋಡಿ ನಡೆಯುತ್ತದೆ. ಇಳಿತದಲ್ಲಿ ಊಟ, ಭರತದಲ್ಲಿ ಬಂಡೆಯ ನೆತ್ತಿ, ಕಟ್ಟಿಹಾಕಿದ ದೋಣಿ ಅಥವಾ ಕಾಂಡ್ಲಾ ಗಿಡಗಳ ಮೇಲೆ ವಿಶ್ರಾಂತಿ.

ಅದೇ ಹೊತ್ತಿಗೆ ಇಪ್ಪತ್ತು ಮಾರು ದೂರದಲ್ಲಿ ಒಂದು ಬಿಳಿಯ ಹಕ್ಕಿ ಇಳಿಯಿತು. ನಾವು ಪುಸ್ತಕ ಓದಿದವರ ಠೀವಿಯಿಂದ, "ಅಗೋ, ಅದು ಸಣ್ಣ ಬೆಳ್ಳಕ್ಕಿ" ಎಂದೆವು. ಹುಡುಗಿ ದುರ್ಬೀನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಅಜ್ಜ, ಕೊಕ್ಕು ಕಪ್ಪಿಲ್ಲವಲ್ಲ. ಕಾಲೂ ಕಪ್ಪಿಲ್ಲ."

ನಾವು ದುರ್ಬೀನು ತಿರುಗಿ ಪಡೆದು ನೋಡಿದೆವು. ದಪ್ಪ ಕಂದು ಕೊಕ್ಕು, ತುದಿಯಲ್ಲಿ ನಸು ಬಾಗು. ಹಳದಿ ಪಾದದ ಬಣ್ಣ ಕಾಲಿನವರೆಗೂ ಹರಿದಿತ್ತು. ಬಿಳಿಯ ಕಡಲಬಕ! ಕರಿಯದನ್ನು ಬೆಳ್ಳಕ್ಕಿಯೆಂದು ಒಮ್ಮೆ, ಬಿಳಿಯದನ್ನು ಬೆಳ್ಳಕ್ಕಿಯೆಂದು ಇನ್ನೊಮ್ಮೆ, ಬಣ್ಣವನ್ನು ನಂಬಿ ಎರಡು ಸಲವೂ ಸೋತೆವು.

ಒಂದೇ ಜಾತಿಗೆ ಎರಡು ಬಣ್ಣ ಏಕೆ? ಕರಿಯ ಬಂಡೆಯ ಮುಂದೆ ಕರಿಯ ಹಕ್ಕಿ ಮೀನಿನ ಕಣ್ಣಿಗೆ ಕಾಣದು. ಬೆಳ್ಳಗಿನ ಆಕಾಶದ ಎದುರು ಬಿಳಿಯ ಹಕ್ಕಿ ಕಾಣದು. ಒಂದೊಂದು ಬಣ್ಣಕ್ಕೂ ಒಂದೊಂದು ಜಾಗದಲ್ಲಿ ಲಾಭವಿರಬೇಕೆಂಬುದು ವಿದ್ವಾಂಸರ ಊಹೆ.

ಎಲ್ಲೆಲ್ಲಿ ಇದರ ಮನೆ?

ಕಡಲಬಕದ ನಾಡು ಬಹಳ ಉದ್ದ, ಆದರೆ ಬಹಳ ಸಪೂರ. ಪಶ್ಚಿಮ ಆಫ್ರಿಕದ ದಂಡೆ, ಕೆಂಪು ಸಮುದ್ರ, ಪರ್ಷಿಯದ ಕೊಲ್ಲಿ, ಅಲ್ಲಿಂದ ಕಛ್, ಸೌರಾಷ್ಟ್ರ, ಮುಂಬಯಿ, ಕೊಂಕಣ, ಕೆಳಗೆ ಶ್ರೀಲಂಕೆಯವರೆಗೆ. ಎಲ್ಲವೂ ಉಪ್ಪುನೀರಿನ ಅಂಚು ಮಾತ್ರ. ಎಲ್ಲೋ ಒಂದೆರಡು ದಾರಿತಪ್ಪಿ ಒಳನಾಡಿಗೆ ಬರುವುದುಂಟು. ದಾರಿತಪ್ಪಿದ ಒಂದು ಹಕ್ಕಿ 1983ರಲ್ಲಿ ಅಟ್ಲಾಂಟಿಕ್ ಸಾಗರದ ಆಚೆ, ಅಮೆರಿಕದ ನಾಂಟಕೆಟ್ ದ್ವೀಪದಲ್ಲಿ ಕಾಣಿಸಿಕೊಂಡು ಅಲ್ಲಿಯ ಪಕ್ಷಿಪ್ರೇಮಿಗಳನ್ನು ಬೆರಗುಗೊಳಿಸಿತು.

ಆದ್ದರಿಂದ ದಿಲ್ಲಿ, ಹೈದರಾಬಾದು, ಪುಣೆಗಳ ನಮ್ಮ ಬಂಧುಗಳು ನದಿ-ಕೆರೆಗಳ ಬಳಿ ಬೆಳ್ಳಕ್ಕಿಯನ್ನು ಕಂಡರೆ ಅದು ಸಣ್ಣ ಬೆಳ್ಳಕ್ಕಿಯೋ ಅದರ ದಾಯಾದಿಯೋ ಆಗಿರುವ ಸಂಭವವೇ ಹೆಚ್ಚು. ಚೆನ್ನೈಯವರಿಗೆ ಅವಕಾಶವಿದೆ. ಪೂರ್ವ ಕರಾವಳಿಯ ದಕ್ಷಿಣ ಭಾಗದ ಅಳಿವೆಗಳಲ್ಲಿ ಕಡಲಬಕ ಇದೆ, ಪಶ್ಚಿಮದಷ್ಟು ಸಮೃದ್ಧಿಯಾಗಿಲ್ಲ. ಅಂಡಮಾನಿಗೆ ಪ್ರವಾಸ ಹೋದವರು ಅಲ್ಲಿ ನೋಡುವ ಬೂದು ಬಕ ಇದರ ದಾಯಾದಿಯಾದ ಪೆಸಿಫಿಕ್ ಜಾತಿಯದು. ಅದರ ಕಾಲು ಗಿಡ್ಡ.

ನಮ್ಮ ಕನ್ನಡ ಕರಾವಳಿಯಲ್ಲಿಯೂ ಇದು ಇದೆ. ನಾವು ಕುಮಟೆಯ ಕಡೆಯವರು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯುವ ಹೆಂಗಸರು, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಕಾಂಡ್ಲಾ ಗಿಡಗಳು, ಇವುಗಳ ನಡುವೆಯೇ ನಮ್ಮ ಬಾಲ್ಯ ಕಳೆಯಿತು. ಅಲ್ಲಿಯೂ ಈ ಹಕ್ಕಿ ನಮ್ಮ ಕಣ್ಣೆದುರಿಗೆ ಓಡಿರಲೇಬೇಕು. ನಾವು ನೋಡಲಿಲ್ಲ, ಅಷ್ಟೆ. ಅಘನಾಶಿನಿಯ ಅಳಿವೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಯೆಂದು ರಾಮ್ಸಾರ್ ಪಟ್ಟಿಗೆ ಸೇರಿತು. ನಮ್ಮ ಊರಿನವರಿಗೆ ಇದು ಹೆಮ್ಮೆಯ ಸಂಗತಿ.

ಊರಿನ ಕಡಲಿಗೂ ಮುಂಬಯಿಯ ಕಡಲಿಗೂ ಒಂದು ಭೇದವುಂಟು. ಮಂಗಳೂರಿನಲ್ಲಿ ದೊಡ್ಡ ಭರತದ ದಿನವೂ ನೀರು ಏರಿ ಇಳಿಯುವುದು ಸುಮಾರು ಒಂದೂವರೆ ಮೀಟರು. ಉತ್ತರಕ್ಕೆ ಹೋದಂತೆ ಇದು ಹೆಚ್ಚುತ್ತ ಮುಂಬಯಿಯಲ್ಲಿ ನಾಲ್ಕೂವರೆ ಮೀಟರನ್ನೂ ದಾಟುತ್ತದೆ; ಖಂಭಾತದ ಕೊಲ್ಲಿಯ ಭಾವನಗರದಲ್ಲಿ ಹತ್ತು ಮೀಟರಿಗೂ ಮಿಗಿಲು. ನೀರು ಹೆಚ್ಚು ಇಳಿದಷ್ಟೂ ಹೆಚ್ಚು ಕೆಸರು ತೆರೆಯುತ್ತದೆ. ಕೆಸರು ತೆರೆದಷ್ಟೂ ಹಕ್ಕಿಯ ಊಟದ ಎಲೆ ದೊಡ್ಡದಾಗುತ್ತದೆ. ಕಛ್ ಮತ್ತು ಖಂಭಾತದ ದಂಡೆಗಳಲ್ಲಿ ಕಡಲಬಕ ಸಮೃದ್ಧಿಯಾಗಿರುವುದು ಸೋಜಿಗವಲ್ಲ. ಭಾವನಗರದಲ್ಲಂತೂ ಊರಿನ ನಡುವಣ ಮರಗಳಲ್ಲಿಯೇ ಇದು ಗೂಡು ಕಟ್ಟುತ್ತದೆ.

ಗೂಡು ಕಟ್ಟುವುದು ಬೇಸಗೆಯ ಕೊನೆಯಿಂದ ಮಳೆಗಾಲದವರೆಗೆ. ಸಾಮಾನ್ಯವಾಗಿ ಕಾಂಡ್ಲಾ ಗಿಡಗಳಲ್ಲಿ ಬೇರೆ ಬಕಗಳ ನೆರೆಯಲ್ಲಿ. ಆಗ ನೆತ್ತಿಯ ಹಿಂದೆ ಎರಡು ಉದ್ದನೆಯ ಗರಿ ಜುಟ್ಟಿನಂತೆ ಇಳಿಬೀಳುತ್ತವೆ. ಬೆನ್ನಿನ ಮೇಲೆ ಎಳೆಎಳೆಯಾದ ಗರಿಗಳು ಬರುತ್ತವೆ. ಎರಡರಿಂದ ನಾಲ್ಕು ತಿಳಿ ನೀಲಿಹಸಿರು ಮೊಟ್ಟೆ. ತಂದೆತಾಯಿ ಇಬ್ಬರೂ ಸರದಿಯಂತೆ ಕಾವು ಕೊಡುತ್ತಾರೆ.

ಕೆಸರಿನ ಬೆಲೆ

ಆ ಜುಟ್ಟಿನ ಗರಿಗಳೇ ಒಂದು ಕಾಲದಲ್ಲಿ ಬೆಳ್ಳಕ್ಕಿಗಳ ಕುಲಕ್ಕೆ ಮೃತ್ಯುವಾಗಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಹೆಂಗಸರ ಟೊಪ್ಪಿಗೆಗಳಿಗೆ ಬೆಳ್ಳಕ್ಕಿಯ ಗರಿ ಬೇಕಾಯಿತು. ತೂಕಕ್ಕೆ ಬಂಗಾರದ ಬೆಲೆ ಬಂದಿತು. ಗರಿ ಬರುವುದು ಗೂಡು ಕಟ್ಟುವ ಕಾಲದಲ್ಲಿ; ಆದ್ದರಿಂದ ತಾಯಿ ಸತ್ತರೆ ಮರಿಗಳೂ ಸತ್ತವು. ಭಾರತದಿಂದ ಹಕ್ಕಿಯ ಗರಿಗಳನ್ನು ಹೊರದೇಶಕ್ಕೆ ಕಳಿಸಬಾರದೆಂದು 1902ರಲ್ಲಿ ಸರಕಾರ ಆಜ್ಞೆ ಮಾಡಿತು. ಇಂದು 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯ ಪ್ರಕಾರ ಇವುಗಳನ್ನು ಕೊಲ್ಲುವುದು ಅಪರಾಧ.

ಗರಿಯ ಆಸೆ ಹೋಯಿತು; ಜಾಗದ ಆಸೆ ಬಂದಿತು. ಮುಂಬಯಿಯೇ ಏಳು ದ್ವೀಪಗಳ ನಡುವಣ ಕಡಲನ್ನು ತುಂಬಿ ಕಟ್ಟಿದ ಊರು; ನಮ್ಮಲ್ಲಿ ಅನೇಕರ ಚಾಳು, ಕಚೇರಿ, ಮನೆಗಳು ನಿಂತಿರುವುದು ಹಾಗೆ ತುಂಬಿದ ನೆಲದ ಮೇಲೆ. ಆದ್ದರಿಂದ ಈ ವಿಷಯದಲ್ಲಿ ಯಾರ ಕಡೆಗೂ ಬೆರಳು ತೋರಿಸುವ ಅಧಿಕಾರ ನಮಗಿಲ್ಲ. ಆದರೂ ಉಳಿದುದನ್ನು ಲೆಕ್ಕ ಇಡಬೇಕಲ್ಲವೇ? ಮಹಾರಾಷ್ಟ್ರದಲ್ಲಿ ಕಾಂಡ್ಲಾ ಕಾಡನ್ನು ಕಡಿಯಬಾರದೆಂದು ಮುಂಬಯಿಯ ಉಚ್ಚ ನ್ಯಾಯಾಲಯ 2005ರಲ್ಲಿ ತಡೆಯಾಜ್ಞೆ ಕೊಟ್ಟು, 2018ರ ತೀರ್ಪಿನಲ್ಲಿ ಅದನ್ನು ಗಟ್ಟಿಮಾಡಿತು. ಸಾರ್ವಜನಿಕ ಕಾಮಗಾರಿಗಾಗಿ ಕಡಿಯಬೇಕಾದರೂ ನ್ಯಾಯಾಲಯದ ಅನುಮತಿ ಬೇಕು. ಠಾಣೆಯ ಖಾಡಿ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇತ್ತ ಶಿವಡಿಯ ಕೆಸರುಬಯಲಿನ ಮೇಲೆ ಹಾದು ನ್ಹಾವಾ ಶೇವಾದ ಕಡೆಗೆ ಹೋಗುವ ಸುಮಾರು 22 ಕಿಲೋಮೀಟರಿನ ಸೇತುವೆ 2024ರ ಜನವರಿಯಲ್ಲಿ ತೆರೆಯಿತು. ಸೇತುವೆಯೂ ಬೇಕು, ಕೆಸರೂ ಬೇಕು. ಎರಡನ್ನೂ ಉಳಿಸಿಕೊಳ್ಳುವ ಜಾಣತನವೂ ಬೇಕು.

ಕೆಸರೆಂದರೆ ಮೂಗು ಮುಚ್ಚಿಕೊಳ್ಳುವುದು ನಮ್ಮೆಲ್ಲರ ರೂಢಿ. ಆದರೆ ಆ ಕೆಸರಿನಲ್ಲಿ ನಿವಟಿ ಇದೆ, ಏಡಿ ಇದೆ, ಸಿಗಡಿಯ ಮರಿ ಇದೆ. ಕಾಂಡ್ಲಾ ಬೇರುಗಳ ನಡುವೆ ಬೆಳೆದ ಮೀನಿನ ಮರಿಗಳೇ ಮುಂದೆ ಮೀನುಗಾರರ ಬಲೆಗೂ ಬೀಳುತ್ತವೆ, ನಮ್ಮಲ್ಲಿ ತಿನ್ನುವವರ ಅಡಿಗೆಮನೆಗೂ ಬರುತ್ತವೆ. ಭರತವೂ ಬಿರುಮಳೆಯೂ ಕೂಡಿಬಂದ ದಿನ ಅಲೆಯ ಹೊಡೆತವನ್ನು ಮೊದಲು ತಡೆಯುವವೂ ಆ ಗಿಡಗಳೇ. ಕಡಲಬಕವು ಅಲ್ಲಿ ಓಡಾಡುತ್ತಿದ್ದರೆ ಆ ಕೆಸರಿನಲ್ಲಿ ಇನ್ನೂ ಜೀವವಿದೆಯೆಂದು ತಿಳಿಯಬೇಕು.

ಇಷ್ಟು ಓದಿದ ಮೇಲೆ ವಾಚಕರು ಒಂದು ಕೆಲಸ ಮಾಡಿದರೆ ನಮ್ಮ ಶ್ರಮ ಸಾರ್ಥಕ. ಅಮಾವಾಸ್ಯೆಯೋ ಹುಣ್ಣಿಮೆಯೋ ಕಳೆದ ಮೇಲೆ ಬಿದಿಗೆ, ತದಿಗೆ, ಚೌತಿಗಳಲ್ಲಿ ಒಂದು ರಜೆಯ ದಿನವನ್ನು ಪಂಚಾಂಗದಲ್ಲಿ ಗುರುತುಹಾಕಿರಿ. ಮುಂಬಯಿಯವರಾದರೆ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ದಂಡೆಗೆ ಹೋಗಿರಿ. ಮಕ್ಕಳನ್ನು ಕರೆದುಕೊಂಡು ಹೋಗಿರಿ. ಬಂಡೆಗಳ ಮೇಲೆ ಇಳಿಯಬಿಡಬೇಡಿರಿ, ಪಾಚಿ ಜಾರುತ್ತದೆ, ನೀರು ತಿರುಗಿ ಬರುವುದು ತಿಳಿಯುವುದಿಲ್ಲ. ಮಗು ಏನಾದರೂ ಕೇಳಿದರೆ ಒಡನೆ ಉತ್ತರ ಕೊಡಬೇಡಿರಿ. "ನೋಡೋಣ, ತಿಳಿದುಕೊಳ್ಳೋಣ" ಎನ್ನಿರಿ. ಈ ಒಂದು ಮಾತನ್ನು ಕಲಿಯಲು ನಮಗೆ ಮೂರು ಭಾನುವಾರ ಬೇಕಾಯಿತು.

ಮೊನ್ನೆ ಹೀಗೆಯೇ ದಂಡೆಯಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಒಬ್ಬ ಗೃಹಸ್ಥರು ತಮ್ಮ ಮಗನಿಗೆ ಕರಿಯ ಹಕ್ಕಿಯನ್ನು ತೋರಿಸಿ, "ನೋಡು, ಗಟಾರದ ನೀರಿನಲ್ಲಿ ಮಿಂದು ಎಷ್ಟು ಕೊಳೆಯಾಗಿದೆ" ಎನ್ನುತ್ತಿದ್ದರು. ಮೊಮ್ಮಗಳು ಅವರ ಬಳಿಗೆ ಹೋಗಿ, ಮಾತಿಲ್ಲದೆ ದುರ್ಬೀನನ್ನು ಆ ಹುಡುಗನ ಕೈಗೆ ಕೊಟ್ಟಳು. "ಗಂಟಲು ನೋಡು" ಎಂದಳು.